ಕಲ್ಲುಗಳ ಸಾಲು: ನಮ್ಮ ಶಾಸನಗಳನ್ನು ವಿಂಗಡಿಸಿದ ಕಥೆ



ಸಂಶೋಧಕನಿಗೆ ಆಕರಗಳನ್ನು ಹುಡುಕುವುದು ಎಷ್ಟು ಶ್ರಮದ ಕೆಲಸವೋ, ದೊರೆತುದನ್ನು ಯಾವ ಕ್ರಮದಲ್ಲಿ ಜೋಡಿಸಬೇಕೆಂಬುದೂ ಅಷ್ಟೇ ಶ್ರಮದ್ದು. ಜೋಡಣೆಯೆಂದರೆ ಬರಿಯ ಗುಮಾಸ್ತಗಿರಿ ಎಂದು ಭಾವಿಸುವವರುಂಟು. ನನಗೆ ಹಾಗೆ ತೋರುವುದಿಲ್ಲ. ಯಾವ ಪ್ರಶ್ನೆಗೆ ಉತ್ತರ ಸುಲಭವಾಗಿ ಸಿಕ್ಕುತ್ತದೆ, ಯಾವ ಪ್ರಶ್ನೆ ಕೇಳಬೇಕೆಂದೇ ಯಾರಿಗೂ ಹೊಳೆಯುವುದಿಲ್ಲ ಎಂಬುದನ್ನು ಬಹುಮಟ್ಟಿಗೆ ಜೋಡಣೆಯೇ ನಿರ್ಧರಿಸುತ್ತದೆ. ನಮ್ಮ ನಾಡಿನ ಶಾಸನಗಳ ಸಂಗತಿಯೇ ಇದಕ್ಕೆ ಒಳ್ಳೆಯ ನಿದರ್ಶನ.

ಬೆಂಗಳೂರಿನಲ್ಲಿಯೇ 1837ರಲ್ಲಿ ಹುಟ್ಟಿದ ಬಿ. ಎಲ್. ರೈಸ್ ಅವರು ಮೈಸೂರು ಪುರಾತತ್ವ ಇಲಾಖೆಯ ಹೊಣೆ ಹೊತ್ತು, 1886ರಿಂದ 1905ರವರೆಗೆ 'ಎಪಿಗ್ರಾಫಿಯಾ ಕರ್ನಾಟಿಕಾ' ಎಂಬ 12 ಸಂಪುಟಗಳನ್ನು ಹೊರತಂದರು. ಒಂಬತ್ತು ಸಾವಿರಕ್ಕೆ ಸಮೀಪದ ಶಾಸನಗಳು ಅವುಗಳಲ್ಲಿವೆ. ಇಷ್ಟು ದೊಡ್ಡ ರಾಶಿಯನ್ನು ಹೇಗೆ ವಿಂಗಡಿಸುವುದು? ಆ ಕಾಲದ ವಿದ್ವಾಂಸರಿಗೆ ಪ್ರಿಯವಾಗಿದ್ದುದು ರಾಜವಂಶದ ಕ್ರಮ. ಮುಂಬಯಿ ಪ್ರಾಂತದಲ್ಲಿ ಅಧಿಕಾರಿಯಾಗಿದ್ದ ಜೆ. ಎಫ್. ಫ್ಲೀಟ್ ಅವರು 1882ರಲ್ಲಿ ಕನ್ನಡ ಜಿಲ್ಲೆಗಳ ಚರಿತ್ರೆಯನ್ನು ಬರೆದಾಗ ವಂಶಗಳನ್ನೇ ಅಧ್ಯಾಯಗಳನ್ನಾಗಿ ಮಾಡಿದರು. ರೈಸ್ ಅವರಾದರೋ ಜಿಲ್ಲೆ, ಜಿಲ್ಲೆಯೊಳಗೆ ತಾಲ್ಲೂಕು, ತಾಲ್ಲೂಕಿನೊಳಗೆ ಕ್ರಮಸಂಖ್ಯೆ ಎಂಬ ಸರಳವಾದ ದಾರಿಯನ್ನು ಹಿಡಿದರು. ಶಿಕಾರಿಪುರದ ಇಷ್ಟನೆಯ ಶಾಸನ, ಬೇಲೂರಿನ ಇಷ್ಟನೆಯ ಶಾಸನ ಎಂದು ವಿದ್ವಾಂಸರು ಇಂದಿಗೂ ಉಲ್ಲೇಖಿಸುವುದು ಈ ಕ್ರಮದಿಂದಲೇ.

ಈ ಕ್ರಮದ ಗುಣ ದೊಡ್ಡದು. ಕಾಲ ತಿಳಿಯದ, ಅರಸನ ಹೆಸರಿಲ್ಲದ ಒಡೆದ ಕಲ್ಲಿಗೂ ಇಲ್ಲಿ ಜಾಗವುಂಟು. ವಂಶದ ಕ್ರಮದಲ್ಲಾದರೆ ಅದು 'ಇತರೆ' ಎಂಬ ಮೂಲೆಗೆ ಬೀಳುತ್ತಿತ್ತು. ಅಭಿಪ್ರಾಯ ಬದಲಾದರೂ ಕಲ್ಲಿನ ವಿಳಾಸ ಬದಲಾಗುವುದಿಲ್ಲ. ಆದರೆ ಹೊಯ್ಸಳ ವಿಷ್ಣುವರ್ಧನನ ಶಾಸನಗಳೆಲ್ಲ ಬೇಕೆಂದವನು ಹಲವು ಸಂಪುಟಗಳನ್ನು ತಡಕಬೇಕು. ರೈಸ್ ಅವರಿಗೂ ಈ ಕೊರತೆ ತಿಳಿದಿತ್ತು. ಪ್ರತಿ ಸಂಪುಟದ ಪೀಠಿಕೆಯಲ್ಲಿ ವಂಶಾನುಕ್ರಮದ ವಿವರಣೆ ಕೊಟ್ಟರು. ಸಾಲದೆಂದು 1909ರಲ್ಲಿ, ಅದೇ ಶಾಸನಗಳನ್ನು ಆಧರಿಸಿ, ಮೈಸೂರು ಮತ್ತು ಕೊಡಗಿನ ಚರಿತ್ರೆಯನ್ನು ವಂಶಗಳ ಸಾಲಿನಲ್ಲಿ ಬೇರೆಯೇ ಪುಸ್ತಕವಾಗಿ ಬರೆದರು. ಒಬ್ಬನೇ ವಿದ್ವಾಂಸ ಒಂದೇ ರಾಶಿಯನ್ನು ಎರಡು ಬಗೆಯಲ್ಲಿ ಜೋಡಿಸಬೇಕಾಯಿತು.

ವಂಶದ ಕ್ರಮದಲ್ಲಿ ಮರೆಯಾಗುವುದೇನು? ಸಾಮಾನ್ಯವಾದ ದಾನಶಾಸನವೊಂದನ್ನು ನೋಡಿ. ಮೊದಲರ್ಧವೆಲ್ಲ ಅರಸನ ಬಿರುದಾವಳಿ. ಅನಂತರ ಮಾಂಡಲಿಕನ ಹೊಗಳಿಕೆ. ಕೊನೆಯ ಕೆಲವು ಸಾಲುಗಳಲ್ಲಿ ಮಾತ್ರ ವಿಷಯ ಬರುತ್ತದೆ: ಕೆರೆಗೆ ಬಿಟ್ಟ ಬಿತ್ತುವಟ್ಟ, ಇಷ್ಟು ಮತ್ತರು ಗದ್ದೆ, ಒಂದು ಗಾಣ, ಒಂದು ಹೂದೋಟ, ಎಲ್ಲೆಯ ಗುರುತಿಗೆ ಒಂದು ಹುಣಸೆಮರ. ಅರಸನ ಹೆಸರಿನಲ್ಲಿ ಕಡತ ಸೇರಿದ ಮೇಲೆ ಕೆರೆಯನ್ನು ಕೇಳುವವರಾರು? ಎಂ. ಚಿದಾನಂದಮೂರ್ತಿಯವರ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ' 1966ರಲ್ಲಿ ಪ್ರಕಟವಾದಾಗ ಆದ ಮುಖ್ಯ ಉಪಕಾರ ಇದು. ಕ್ರಿ.ಶ. 450ರಿಂದ 1150ರವರೆಗಿನ ಶಾಸನಗಳನ್ನು ಅವರು ಧರ್ಮ, ವೀರ, ಆತ್ಮಬಲಿ ಮುಂತಾದ ಬದುಕಿನ ವಿಷಯಗಳಿಗೆ ಅನುಸಾರವಾಗಿ ಮತ್ತೆ ವಿಂಗಡಿಸಿದರು. ಶಾಸನಗಳು ಹಳೆಯವೇ, ಅವುಗಳಿಂದ ಹೊರಟ ಚರಿತ್ರೆ ಹೊಸದು.

ಬೆಂಗಳೂರಿನ ಹತ್ತಿರದ ಬೇಗೂರಿನಲ್ಲಿ, ನಾಗೇಶ್ವರ ದೇವಾಲಯದಲ್ಲಿ, ಕ್ರಿ.ಶ. 890ರ ಸುಮಾರಿನ ವೀರಗಲ್ಲೊಂದಿದೆ. ನಾಗತ್ತರನೆಂಬ ಅಧಿಕಾರಿಯ ಕಡೆಯವರು 'ಬೆಂಗಳೂರ' ಕಾಳಗದಲ್ಲಿ ಮಡಿದುದನ್ನು ಅದು ತಿಳಿಸುತ್ತದೆ. ಇದು ಬೆಂಗಳೂರು ತಾಲ್ಲೂಕಿನ ಶಾಸನ, ಗಂಗರ ಕಾಲದ ಶಾಸನ, ವೀರಗಲ್ಲು, ಸ್ಥಳನಾಮದ ಸಾಕ್ಷಿ. 'ಬೆಂದಕಾಳೂರು' ಎಂಬ ಹೊಯ್ಸಳರ ಕಾಲದ ಕಥೆಯನ್ನು ಅಲುಗಾಡಿಸಿದ್ದು ಈ ನಾಲ್ಕನೆಯ ಗುಂಪಿನಲ್ಲಿ ನಿಂತಾಗ ಮಾತ್ರ.

ಇನ್ನೊಂದು ವಿಂಗಡಣೆ ಹೆಚ್ಚು ಕಹಿಯಾದುದು: ನಿಜವಾದುದು, ಖೋಟಾ ಆದುದು. ಗಂಗರ ತಾಮ್ರಪಟಗಳಲ್ಲಿ ಅನೇಕವು ಕೃತಕವೆಂದು ಫ್ಲೀಟ್ ಅವರು ತಳ್ಳಿಹಾಕಿದರು. ರೈಸ್ ಅವರು ಒಪ್ಪಲಿಲ್ಲ. ಇಂತಹುದಕ್ಕೆ ನಮ್ಮಲ್ಲಿ ಕೂಟಶಾಸನವೆಂದು ಹೆಸರು. (ನಿಮ್ಮ ಕನ್ನಡ ಕೂಟಕ್ಕೂ ಈ ಕೂಟಕ್ಕೂ ಯಾವ ನಂಟೂ ಇಲ್ಲವೆಂದು ಸ್ಪಷ್ಟಪಡಿಸುತ್ತೇನೆ!) ಆದರೆ ಕೂಟಶಾಸನವನ್ನು ಕಸದ ಬುಟ್ಟಿಗೆ ಎಸೆಯುವುದು ಸರಿಯಲ್ಲ. ಅದು ಹೇಳಿಕೊಳ್ಳುವ ಕಾಲಕ್ಕೆ ಸಾಕ್ಷಿಯಾಗದಿದ್ದರೂ, ಅದನ್ನು ಸೃಷ್ಟಿಸಿದ ಕಾಲದಲ್ಲಿ ಯಾರಿಗೆ ಯಾವ ಭೂಮಿಯ ಮೇಲೆ ಹಕ್ಕು ಸ್ಥಾಪಿಸಬೇಕಾಗಿತ್ತು ಎಂಬುದಕ್ಕೆ ಸಾಕ್ಷಿ.

ಸರ್ಕಾರಗಳ ಗಡಿಯೂ ಒಂದು ವರ್ಗೀಕರಣವೇ. ರೈಸ್ ಅವರ ವ್ಯಾಪ್ತಿ ಮೈಸೂರು ಸಂಸ್ಥಾನ ಮತ್ತು ಕೊಡಗು. ಧಾರವಾಡ, ಬಿಜಾಪುರಗಳ ಶಾಸನಗಳು 'ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್' ಮಾಲೆಯಲ್ಲಿ ಮುಂಬಯಿ ಕರ್ನಾಟಕದ ಹೆಸರಿನಿಂದ ಬಂದವು. ಬಳ್ಳಾರಿಯ ಕಡೆಯವು ಮದ್ರಾಸ್ ಪ್ರಾಂತದವೆಂದು ಅದೇ ಮಾಲೆಯ ಬೇರೆ ಸಂಪುಟಕ್ಕೆ ಸೇರಿದವು. ಕಲ್ಯಾಣವಿದ್ದುದು ನಿಜಾಮನ ರಾಜ್ಯದಲ್ಲಿ. ಒಂದೇ ಚಾಳುಕ್ಯ ಸಾಮ್ರಾಜ್ಯದ ದಾಖಲೆ ಹೀಗೆ ಹಲವು ಸರ್ಕಾರಗಳ ಪುಸ್ತಕಗಳಲ್ಲಿ ಚೆದರಿತು. 1956ರಲ್ಲಿ ರಾಜ್ಯ ಒಂದಾಯಿತು; ಗ್ರಂಥಾಲಯದ ಕಪಾಟುಗಳು ಅಷ್ಟು ಬೇಗ ಒಂದಾಗಲಿಲ್ಲ.

ನಿಮ್ಮಲ್ಲಿ ಹಳೆಯ ಮೈಸೂರಿನ ಕಡೆಯವರಿಗೆ ತಮ್ಮ ಊರಿನ ಶಾಸನವನ್ನು ಮಕ್ಕಳಿಗೆ ತೋರಿಸುವ ಆಸೆಯಿದ್ದರೆ, ರೈಸ್ ಅವರ ಕ್ರಮವೇ ಅನುಕೂಲ. ಜಿಲ್ಲೆಯ ಸಂಪುಟ ತೆಗೆಯಿರಿ, ತಾಲ್ಲೂಕಿಗೆ ಹೋಗಿ, ಊರಿನ ಹೆಸರು ಹುಡುಕಿ. ಮೈಸೂರು ವಿಶ್ವವಿದ್ಯಾನಿಲಯ 1972ರಿಂದ ಹೊರತರತೊಡಗಿದ ಪರಿಷ್ಕೃತ ಆವೃತ್ತಿಯೂ ತಾಲ್ಲೂಕುವಾರಿಯಾಗಿಯೇ ಇದೆ. ಒಂದು ಎಚ್ಚರಿಕೆ ಮಾತ್ರ ಬೇಕು: ಹಳೆಯ ಸಂಪುಟದಲ್ಲಿರುವುದು ಅಂದಿನ ತಾಲ್ಲೂಕು. ಹೊಸನಗರ ತಾಲ್ಲೂಕಿನ ಹುಂಚದ ಶಾಸನಗಳು ಅಲ್ಲಿ ನಗರ ತಾಲ್ಲೂಕಿನ ಕೆಳಗಿವೆ. ಸಕಲೇಶಪುರದವರು ಮಂಜರಾಬಾದ್ ಎಂದು ಹುಡುಕಬೇಕು.