ಧೂಮೋನ್ನತಿಮಾಪನ

ಕಾಳ್ಗಿಚ್ಚು, ಜ್ವಾಲಾಮುಖಿ, ಧೂಳಿನ ಬಿರುಗಾಳಿ ಮೊದಲಾದವುಗಳಿಂದ ಮೇಲೆದ್ದ ಹೊಗೆಯೂ ಗಾಳಿಯಲ್ಲಿ ತೇಲುವ ಏರೋಸಾಲ್ ಎಂಬ ಸೂಕ್ಷ್ಮಕಣಗಳೂ ನೆಲದಿಂದ ಎಷ್ಟು ಎತ್ತರದಲ್ಲಿ ಹರಡಿವೆ ಎಂಬುದನ್ನು ಕೃತಕ ಉಪಗ್ರಹಗಳ ಚಿತ್ರಗಳಿಂದ ಗಣಿಸುವ ವಿದ್ಯೆಗೆ ಧೂಮೋನ್ನತಿಮಾಪನವೆನ್ನಬಹುದು. ನೆಲದ ಬಳಿಯಲ್ಲೇ ಉಳಿದ ಹೊಗೆ ಹತ್ತಿರದ ಊರಿನವರ ಉಸಿರಿಗೆ ಕಂಟಕವಾಗುತ್ತದೆ; ನೆಲದ ಗಾಳಿ ಕಲೆಸಿಕೊಳ್ಳುವ ಕೆಳಪದರವನ್ನು ದಾಟಿ ಮೇಲೇರಿದುದು ದಿನಗಟ್ಟಲೆ ತೇಲಿ ಪರನಾಡುಗಳನ್ನು ಸೇರುತ್ತದೆ. ಆದಕಾರಣ ಹೊಗೆಯ ಪ್ರಮಾಣದಷ್ಟೇ ಅದರ ಎತ್ತರವೂ ವಿಚಾರಾರ್ಹವಾದುದು.

ತತ್ತ್ವ: ಮಧುಗಿರಿಯ ಏಕಶಿಲಾ ಬೆಟ್ಟದ ಮುಂದಣ ಹೊಲವೊಂದರಲ್ಲಿ ಕಸಕಡ್ಡಿಗೆ ಬೆಂಕಿಯಿಟ್ಟಾಗ ಏಳುವ ಹೊಗೆಯನ್ನು ರಸ್ತೆಯಲ್ಲಿ ನಿಂತು ನೋಡಿ, ಅನಂತರ ನೂರು ಮಾರು ಪಕ್ಕಕ್ಕೆ ನಡೆದು ಮತ್ತೆ ನೋಡಿದವನಿಗೆ, ಹೊಗೆ ಹಿಂದಣ ಬಂಡೆಯ ಮೇಲೆ ತನ್ನ ಎಡೆಯನ್ನು ಬದಲಿಸಿದಂತೆ ಕಾಣುತ್ತದೆ. ಗ್ರಹಣಗಣಿತದಲ್ಲಿ ಭಾರತೀಯ ಜ್ಯೋತಿಷಿಗಳು ಲಂಬನವೆಂದು ಕರೆದದ್ದು ಇಂಥ ಸ್ಥಾನಪಲ್ಲಟವನ್ನೇ. ಉಪಗ್ರಹಕ್ಕೆ ನೆಲವೇ ಹಿಂದಣ ಬಂಡೆ. ಹೊಗೆ ನೆಲದಿಂದ ಮೇಲೆ ಇದ್ದಷ್ಟೂ ಓರೆಯಾಗಿ ತೆಗೆದ ಚಿತ್ರದಲ್ಲಿ ಅದು ದೂರಕ್ಕೆ ಸರಿದಂತೆ ತೋರುತ್ತದೆ.

ಪೂರ್ವೇತಿಹಾಸ: ಈ ವಿದ್ಯೆಯ ಬೇರು ಮೋಜಣಿಯಲ್ಲಿದೆ. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಬೆಂಗಳೂರಿನ ಬಳಿ ಆಧಾರರೇಖೆಯೊಂದನ್ನು ಅಳೆದು, ಅದರ ಮೇಲೆ ತ್ರಿಕೋನಗಳನ್ನು ಕಟ್ಟುತ್ತ ಮೈಸೂರು ಸೀಮೆಯ ದುರ್ಗಗಳ ನೆಲೆಯನ್ನು ನಿರ್ಣಯಿಸಲು ತೊಡಗಿದನು. ಮುಂದೆ 1960ರ ಏಪ್ರಿಲ್ 1ರಂದು ಹಾರಿದ ಟೈರೋಸ್-1 ಉಪಗ್ರಹವು ಮೋಡಗಳ ಚಿತ್ರವನ್ನು ಕಳುಹಿದ ತರುವಾಯ, ಅಂತರಿಕ್ಷದಿಂದ ಎತ್ತರವನ್ನು ಅಳೆಯುವ ಎರಡು ಸರಳೋಪಾಯಗಳು ಬಳಕೆಗೆ ಬಂದವು. ಮೊದಲನೆಯದು ನೆರಳಿನ ಅಳತೆ; ಸೂರ್ಯನು ದಿಗಂತದಿಂದ 45 ಡಿಗ್ರಿ ಮೇಲಿದ್ದಾಗ ಸಮತಟ್ಟಾದ ನೆಲದ ಮೇಲೆ ನೆರಳಿನ ಉದ್ದವೇ ಎತ್ತರ. ಎರಡನೆಯದು ಶೈತ್ಯದ ಅಳತೆ. ಮೇಲೇರಿದಂತೆ ವಾತಾವರಣ ಕಿಲೋಮೀಟರಿಗೆ ಸರಾಸರಿ 6.5 ಡಿಗ್ರಿಯಷ್ಟು ತಣಿಯುವುದರಿಂದ, ಬೂದಿಯ ಮೋಡದ ತಲೆಯ ಉಷ್ಣತೆಯೇ ಅದರ ಎತ್ತರವನ್ನು ಹೇಳುತ್ತದೆ. ಆದರೆ ಕಾಳ್ಗಿಚ್ಚಿನ ತೆಳುವಾದ ಹೊಗೆ ಶಾಖಕಿರಣಗಳಿಗೆ ಬಹುಮಟ್ಟಿಗೆ ಪಾರದರ್ಶಕವಾದುದರಿಂದ ಈ ಎರಡನೆಯ ಉಪಾಯ ಅಲ್ಲಿ ನಿಷ್ಫಲವಾಯಿತು.

ಬಹುಕೋನದೃಷ್ಟಿ: 1999ರ ಡಿಸೆಂಬರ್ 18ರಂದು ಹಾರಿದ ಟೆರ್ರಾ ಉಪಗ್ರಹದ ಎಂ.ಐ.ಎಸ್.ಆರ್. ಎಂಬ ಯಂತ್ರದಿಂದ ಈ ಶಾಸ್ತ್ರದ ಹೊಸ ಯುಗ ಮೊದಲಾಯಿತು. ಅದರ ಒಂದು ಕ್ಯಾಮೆರಾ ನೇರವಾಗಿ ಕೆಳಕ್ಕೂ, ನಾಲ್ಕು ಮುಂದಕ್ಕೂ, ನಾಲ್ಕು ಹಿಂದಕ್ಕೂ ಮುಖಮಾಡಿಕೊಂಡಿದ್ದು, ಒಂದೇ ಎಡೆಯನ್ನು ಸುಮಾರು ಏಳು ನಿಮಿಷಗಳೊಳಗೆ ಒಂಬತ್ತೂ ಕಣ್ಣುಗಳು ನೋಡಿ ಮುಗಿಸುತ್ತವೆ. 45.6 ಡಿಗ್ರಿಯ ಓರೆನೋಟದಲ್ಲಿ ಒಂದು ಕಿಲೋಮೀಟರ್ ಎತ್ತರದ ಹೊಗೆ ಸುಮಾರು ಒಂದು ಕಿಲೋಮೀಟರ್ ಸರಿದು ಕಂಡರೆ, 70.5 ಡಿಗ್ರಿಯಲ್ಲಿ ಅದೇ ಹೊಗೆ 2.8 ಕಿಲೋಮೀಟರ್ ಸರಿಯುತ್ತದೆ. ಇಲ್ಲಿ ತೊಡಕೊಂದುಂಟು: ಬೆಟ್ಟ ನಿಂತಲ್ಲೇ ನಿಲ್ಲುತ್ತದೆ, ಹೊಗೆ ನಿಲ್ಲದು. ಸೆಕೆಂಡಿಗೆ 5 ಮೀಟರ್ ವೇಗದ ಮಂದಮಾರುತವೂ ಏಳು ನಿಮಿಷಗಳಲ್ಲಿ ಹೊಗೆಯನ್ನು ಎರಡು ಕಿಲೋಮೀಟರಿಗೂ ಮಿಗಿಲಾಗಿ ತಳ್ಳಿಬಿಡುವುದರಿಂದ, ಗಾಳಿಯ ಸರಿತವನ್ನೂ ನೋಟದ ಸರಿತವನ್ನೂ ಬೇರ್ಪಡಿಸಿದ ಹೊರತು ಲೆಕ್ಕ ಸರಿಹೋಗದು. ಇದಕ್ಕೆಂದೇ ರಚಿತವಾದ ಮಿಂಕ್ಸ್ ಎಂಬ ಗಣಕಕ್ರಮದಲ್ಲಿ ಅಭ್ಯಾಸಿಯು ಪರದೆಯ ಮೇಲೆ ಹೊಗೆಯ ಎಲ್ಲೆಯನ್ನೂ ಗಾಳಿಯ ದಿಕ್ಕನ್ನೂ ತನ್ನ ಕೈಯಿಂದಲೇ ಗೆರೆಯೆಳೆದು ತೋರಿಸಬೇಕು.

ಇತರ ಮಾರ್ಗಗಳು: 2006ರ ಏಪ್ರಿಲ್ 28ರಂದು ಹಾರಿದ ಕ್ಯಾಲಿಪ್ಸೊ ಲೇಸರ್ ಕಿರಣವನ್ನು ಕೆಳಕ್ಕೆ ಚಿಮ್ಮಿಸಿ, ಅದು ಮರಳಿ ಬರುವ ಕಾಲದಿಂದ ಪದರಗಳ ಎತ್ತರವನ್ನು 2023ರವರೆಗೆ ಅಳೆಯಿತು; ಈ ಅಳತೆ ನಿಖರವಾದರೂ ಉಪಗ್ರಹದ ಅಡಿಯ ಒಂದೇ ಗೆರೆಗೆ ಸೀಮಿತ. 2017ರಲ್ಲಿ ಹಾರಿದ ಟ್ರೋಪೊಮಿ ಎಂಬ ಉಪಕರಣ ಆಮ್ಲಜನಕವು ಹೀರುವ ಬೆಳಕನ್ನು ಆಶ್ರಯಿಸುತ್ತದೆ. ಹೊಗೆ ಮೇಲಿದ್ದಷ್ಟೂ ಪ್ರತಿಫಲಿತ ಬೆಳಕು ದಾಟುವ ಆಮ್ಲಜನಕ ಕಡಿಮೆ. 2022ರ ಜನವರಿ 15ರಂದು ಟೊಂಗಾ ದ್ವೀಪಗಳ ಬಳಿ ಸಿಡಿದ ಹುಂಗಾ ಜ್ವಾಲಾಮುಖಿಯ ಸ್ತಂಭವನ್ನು ಮೂರು ಭೂಸ್ಥಿರ ಉಪಗ್ರಹಗಳು ಬೇರೆ ಬೇರೆ ಕೋನಗಳಿಂದ ಚಿತ್ರಿಸಿದ್ದುದರಿಂದ, ಲಂಬನಕ್ರಮದಿಂದಲೇ ಅದರ ಎತ್ತರ 57 ಕಿಲೋಮೀಟರ್ ಎಂದು ನಿರ್ಣಯವಾಯಿತು.

ಕರ್ನಾಟಕದಲ್ಲಿ: ಬೆಂಗಳೂರಿನ ಪೀಣ್ಯದಲ್ಲಿ ಸಿದ್ಧವಾಗಿ 1975ರಲ್ಲಿ ಹಾರಿದ ಆರ್ಯಭಟ ಉಪಗ್ರಹದ ಪರಂಪರೆಯಲ್ಲಿ ಬಂದ ಕಾರ್ಟೋಸ್ಯಾಟ್-1, 2005ರ ಮೇ 5ರಂದು ಹಾರಿ, 26 ಡಿಗ್ರಿ ಮುಂದಕ್ಕೂ 5 ಡಿಗ್ರಿ ಹಿಂದಕ್ಕೂ ಬಾಗಿದ ಎರಡು ಕ್ಯಾಮೆರಾಗಳಿಂದ ನೆಲದ ಏರಿಳಿತವನ್ನು ಅಳೆಯಿತು; ಗುರಿ ಬೆಟ್ಟಗುಡ್ಡಗಳಾದರೂ ತತ್ತ್ವ ಅದೇ. 2019ರ ಫೆಬ್ರವರಿಯಲ್ಲಿ ಬಂಡೀಪುರದ ಗೋಪಾಲಸ್ವಾಮಿ ಬೆಟ್ಟದ ಸುತ್ತಣ ಕಾಡು ಹೊತ್ತಿ ಉರಿದಾಗ ಸುಟ್ಟ ನೆಲದ ವಿಸ್ತಾರವನ್ನು ಉಪಗ್ರಹಚಿತ್ರಗಳಿಂದಲೇ ಅಂದಾಜು ಮಾಡಲಾಯಿತು.

ಮಿತಿ ಮತ್ತು ಪ್ರಯೋಜನ: ಟೆರ್ರಾ ತನ್ನ ಸೇವೆಯ ಬಹುಕಾಲ ಸಮಭಾಜಕವನ್ನು ಬೆಳಿಗ್ಗೆ 10.30ರ ಹೊತ್ತಿಗೆ ದಾಟುತ್ತಿದ್ದಿತು. ಕಾಡಿನ ಬೆಂಕಿಯೋ ಇಳಿಹೊತ್ತಿನಲ್ಲಿ ಉಗ್ರವಾಗುವಂಥದು. ಆದುದರಿಂದ ಹೊಗೆಯ ಪರಮೋನ್ನತಿ ಆ ಕಣ್ಣಿಗೆ ಅನೇಕ ವೇಳೆ ತಪ್ಪಿತು. ಪಾವಗಡ ತಾಲ್ಲೂಕಿನ ವಳ್ಳೂರು, ತಿರುಮಣಿ ಮೊದಲಾದ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ ಹಬ್ಬಿರುವ 2,050 ಮೆಗಾವಾಟ್ ಶಕ್ತಿಯ ಸೌರ ಉದ್ಯಾನದಂಥ ಕಡೆ ಈ ಶಾಸ್ತ್ರದ ಪ್ರಯೋಜನ ಎದ್ದು ಕಾಣುತ್ತದೆ. ಬಿಸಿಲನ್ನು ಮಂಕುಮಾಡುವ ಮಬ್ಬು ಎಷ್ಟು ದಟ್ಟವೆಂಬುದನ್ನು ನೆಲದ ಮೇಲಿನ ಉಪಕರಣವೂ ಹೇಳಬಲ್ಲದು. ಆದರೆ ಎತ್ತರಕ್ಕೊಂದು ಗಾಳಿಯಿರುವುದರಿಂದ, ಆ ಮಬ್ಬಿನ ಎತ್ತರವನ್ನು ಅರಿಯದೆ ಅದು ಎತ್ತಣಿಂದ ಬಂದಿತೆಂದು ಹೇಳುವುದು ಸಾಧ್ಯವಿಲ್ಲ.