ಬೆಳ್ಳಿ ಮರಳಿ ಬಂದ ಕಥೆ

ಹಸುಗೂಸಿಗೆ ಹಾಲು ಕುಡಿಸಲು ಬೆಳ್ಳಿಯ ಒಳಲೆ ಬಳಸುವುದು ನಮ್ಮ ಅನೇಕ ಮನೆಗಳಲ್ಲಿ ರೂಢಿ. ಪರ್ಷಿಯಾದ ಅರಸ ಸೈರಸ್ ದಂಡೆತ್ತಿ ಹೊರಟಾಗ, ಕಾಯಿಸಿದ ನದಿ ನೀರನ್ನು ಬೆಳ್ಳಿ ಪಾತ್ರೆಗಳಲ್ಲಿ ತುಂಬಿ ಗಾಡಿಗಳಲ್ಲಿ ಒಯ್ಯುತ್ತಿದ್ದರೆಂದು ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಬರೆದಿದ್ದಾನೆ. ಇದೇ ಬೆಳ್ಳಿ ಇಂದು ಅತಿಸೂಕ್ಷ್ಮ ‘ನ್ಯಾನೊ ಕಣ’ಗಳ ರೂಪ ತಾಳಿ, ಆಂಟಿಬಯೋಟಿಕ್‌ಗಳಿಗೆ ಬಗ್ಗದ ಬ್ಯಾಕ್ಟೀರಿಯಾಗಳ ವಿರುದ್ಧ ಹೋರಾಟಕ್ಕೆ ಇಳಿದಿದೆ. ನಿಜಕ್ಕೂ ಇದು ಹೊಸ ಅಸ್ತ್ರವಲ್ಲ, ಮರೆತಿದ್ದ ಅಸ್ತ್ರ.

ವೈದ್ಯಕೀಯದಲ್ಲಿ ಬೆಳ್ಳಿಯ ದೊಡ್ಡ ಗೆಲುವು ಜರ್ಮನಿಯ ಲೈಪ್‌ಜಿಗ್ ನಗರದ್ದು. ತಾಯಿಗೆ ಗೊನೊರಿಯಾ ರೋಗವಿದ್ದರೆ ಹೆರಿಗೆಯ ವೇಳೆ ಅದು ಮಗುವಿನ ಕಣ್ಣಿಗೆ ತಗುಲಿ ದೃಷ್ಟಿಯನ್ನೇ ಕಸಿಯುತ್ತಿತ್ತು. 1880ರಲ್ಲಿ ಪ್ರಸೂತಿ ತಜ್ಞ ಕಾರ್ಲ್ ಕ್ರೆಡೆ, ಹುಟ್ಟಿದ ಕೂಡಲೇ ಮಕ್ಕಳ ಕಣ್ಣಿಗೆ ಸಿಲ್ವರ್ ನೈಟ್ರೇಟ್ ದ್ರಾವಣದ ಹನಿ ಹಾಕತೊಡಗಿದ. ಅವನ ಆಸ್ಪತ್ರೆಯಲ್ಲಿ ಶೇಕಡಾ 10ರ ಆಸುಪಾಸಿನಲ್ಲಿದ್ದ ಈ ಸೋಂಕು ಶೇಕಡಾ 1ಕ್ಕಿಂತ ಕೆಳಗಿಳಿಯಿತು.

1889ರಲ್ಲಿ ಅಮೆರಿಕದ ಕೇರಿ ಲೀ ಎಂಬ ರಸಾಯನ ವಿಜ್ಞಾನಿ, ನೀರಿನಲ್ಲಿ ತೇಲುವ ಬೆಳ್ಳಿಯ ಸೂಕ್ಷ್ಮ ಕಣಗಳನ್ನು ತಯಾರಿಸಿದ. ಅವನ ವಿಧಾನದಿಂದ ಸಿಗುವ ಕಣಗಳ ಗಾತ್ರ 10 ನ್ಯಾನೊಮೀಟರ್‌ಗೂ ಕಡಿಮೆ ಎಂದು ಇಂದು ಗೊತ್ತಾಗಿದೆ. ಒಂದು ನ್ಯಾನೊಮೀಟರ್ ಎಂದರೆ ಮೀಟರಿನ 100 ಕೋಟಿಯಲ್ಲಿ ಒಂದು ಪಾಲು. ಇಂತಹ ಕಣಗಳುಳ್ಳ ‘ಕೊಲ್ಲಾರ್ಗೋಲ್’ ಎಂಬ ಔಷಧಿ 1897ರಲ್ಲೇ ತಯಾರಾಗುತ್ತಿತ್ತು. ‘ನ್ಯಾನೊ’ ಎಂಬ ಮಾತು ಬಳಕೆಗೆ ಬರುವ ಮೊದಲೇ ವಸ್ತು ಬಂದಿತ್ತು!

ಆದರೆ 1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಪೆನಿಸಿಲಿನ್ ಪತ್ತೆ ಮಾಡಿದ. 1940ರ ದಶಕದಲ್ಲಿ ಅದು ಆಸ್ಪತ್ರೆಗಳಿಗೆ ಬಂದ ಮೇಲೆ ಬೆಳ್ಳಿ ಬಹುಮಟ್ಟಿಗೆ ಮೂಲೆ ಸೇರಿತು. ಕಡಿಮೆ ಪ್ರಮಾಣದಲ್ಲಿ ಔಷಧಿ ಕೊಟ್ಟರೆ ರೋಗಾಣುಗಳು ಅದಕ್ಕೆ ಒಗ್ಗಿಕೊಳ್ಳುತ್ತವೆ ಎಂದು 1945ರ ತನ್ನ ನೊಬೆಲ್ ಭಾಷಣದಲ್ಲೇ ಫ್ಲೆಮಿಂಗ್ ಎಚ್ಚರಿಸಿದ್ದ. ಆ ಮಾತು ನಿಜವಾಯಿತು. ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳೇ ನೇರ ಕಾರಣವಾಗಿ 2019ರಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರೆಂಬ ಅಂದಾಜಿದೆ. ಹೀಗಾಗಿ ವಿಜ್ಞಾನಿಗಳ ಕಣ್ಣು ಮತ್ತೆ ಬೆಳ್ಳಿಯತ್ತ ಹೊರಳಿತು.

ಬೆಳ್ಳಿ ಕೆಲಸ ಮಾಡುವ ಬಗೆಯೇ ಬೇರೆ. ಸಾಮಾನ್ಯವಾಗಿ ಒಂದು ಆಂಟಿಬಯೋಟಿಕ್ ಬ್ಯಾಕ್ಟೀರಿಯಾದ ಒಂದು ನಿರ್ದಿಷ್ಟ ಅಂಗಕ್ಕೆ ಅಥವಾ ಕ್ರಿಯೆಗೆ ಪೆಟ್ಟು ಕೊಡುತ್ತದೆ. ಬೆಳ್ಳಿ ಕಣದಿಂದ ಹೊರಬರುವ ಅಯಾನುಗಳಾದರೋ ಹೊರಪೊರೆಯನ್ನು ಕೆಡಿಸುತ್ತವೆ, ಒಳಗಿನ ಪ್ರೋಟೀನುಗಳಿಗೂ ಅಂಟಿಕೊಳ್ಳುತ್ತವೆ. ಕಣ ಚಿಕ್ಕದಾದಷ್ಟೂ ಅದೇ ತೂಕದ ಬೆಳ್ಳಿಗೆ ಹೊರಮೈ ಹೆಚ್ಚು. ಅಯಾನುಗಳೂ ಹೆಚ್ಚು ಹೊರಡುತ್ತವೆ. ನ್ಯಾನೊ ಕಣದ ಶಕ್ತಿಯ ಗುಟ್ಟು ಇದೇ.

ಹಲವು ಕಡೆ ಪೆಟ್ಟು ತಿನ್ನುವ ಬ್ಯಾಕ್ಟೀರಿಯಾ ತಪ್ಪಿಸಿಕೊಳ್ಳಲಾರದು ಎಂದುಕೊಳ್ಳಬಹುದು. ಇತಿಹಾಸ ಹಾಗೆ ಹೇಳುವುದಿಲ್ಲ. ಸುಟ್ಟ ಗಾಯಗಳಿಗೆ ಸಿಲ್ವರ್ ನೈಟ್ರೇಟ್ ಹಚ್ಚುತ್ತಿದ್ದ ಬೋಸ್ಟನ್ ನಗರದ ಆಸ್ಪತ್ರೆಯೊಂದರಲ್ಲಿ ಬೆಳ್ಳಿಗೂ ಜಗ್ಗದ ಸಾಲ್ಮೊನೆಲ್ಲಾ ಕಾಣಿಸಿಕೊಂಡದ್ದು 1975ರಲ್ಲಿ ವರದಿಯಾಯಿತು. ಮೂವರು ರೋಗಿಗಳು ಸತ್ತರು. ಬೆಳ್ಳಿಯನ್ನು ಹೊರದಬ್ಬುವ ಜೀನುಗಳು ಆ ರೋಗಾಣುವಿನಲ್ಲಿದ್ದವು ಎಂಬುದು 1999ರಲ್ಲಿ ಬಯಲಾಯಿತು. 2018ರಲ್ಲಿ ಚೆಕ್ ಗಣರಾಜ್ಯದ ಸಂಶೋಧಕರು ಇನ್ನೊಂದು ಉಪಾಯ ಕಂಡರು: ಬೆಳ್ಳಿಯ ನ್ಯಾನೊ ಕಣಗಳಿಗೆ ಮತ್ತೆ ಮತ್ತೆ ಒಡ್ಡಿದ ಇ. ಕೋಲಿ ಬ್ಯಾಕ್ಟೀರಿಯಾ, ತನ್ನ ಈಜುವ ಬಾಲದ ಪ್ರೋಟೀನನ್ನೇ ಹೊರಬಿಟ್ಟು ಕಣಗಳು ಒಂದಕ್ಕೊಂದು ಅಂಟಿ ಗಂಟಾಗುವಂತೆ ಮಾಡಿತ್ತು. ದಾಳಿಂಬೆ ಸಿಪ್ಪೆಯ ಸಾರದಿಂದ ಈ ಪ್ರೋಟೀನನ್ನು ತಡೆದಾಗ ಬೆಳ್ಳಿ ಮತ್ತೆ ಫಲ ಕೊಟ್ಟಿತು.

ಮನುಷ್ಯನಿಗೂ ಬೆಳ್ಳಿ ಪೂರ್ತಿ ನಿರಪಾಯಕಾರಿಯಲ್ಲ. ಬಹುಕಾಲ ಸೇವಿಸಿದರೆ ಚರ್ಮ ಶಾಶ್ವತವಾಗಿ ನೀಲಿ ಬೂದು ಬಣ್ಣಕ್ಕೆ ತಿರುಗಬಹುದು. ಹಾಗಾಗಿ ನ್ಯಾನೊ ಬೆಳ್ಳಿಗೆ ಸದ್ಯಕ್ಕೆ ತಕ್ಕ ಜಾಗ ಗಾಯದ ಪಟ್ಟಿ, ವೈದ್ಯಕೀಯ ಕೊಳವೆಗಳಂತಹ ಕಡೆ. ನುಂಗುವ ಮಾತ್ರೆಗೆ ಅದು ಬದಲಿಯಲ್ಲ.

ಪೆನಿಸಿಲಿನ್ ಬಂದಾಗ ಗೆದ್ದೆವೆಂದುಕೊಂಡು ಅದನ್ನು ಬೇಕಾಬಿಟ್ಟಿ ಬಳಸಿದೆವು. ಈಗ ಕಾಲುಚೀಲ, ಬಟ್ಟೆಗಳಿಗೂ ಬೆಳ್ಳಿ ಕಣ ಬೆರೆಸಿ ಮಾರಲಾಗುತ್ತಿದೆ. ಬೆವರಿನ ವಾಸನೆ ನೀಗಲು ಈ ಅಸ್ತ್ರವನ್ನು ಸವೆಸಿದರೆ, ಸುಟ್ಟ ಗಾಯದ ರೋಗಿಗೆ ಬೇಕಾದಾಗ ಅದು ಮೊಂಡಾಗಿರಬಹುದು.