ಬೂತಾಯಿಯ ಎಣ್ಣೆ, ಸೀಗಡಿಯ ಚಿಪ್ಪು
(ಬಾನುಲಿ ಭಾಷಣ)

ಬಂಗಾರಪೇಟೆ ತಾಲ್ಲೂಕಿನ ಕಾಮಸಮುದ್ರ ನನ್ನ ಊರು. ಹೆಸರಿನಲ್ಲಿ ಸಮುದ್ರವಿದ್ದರೂ ಕಡಲು ಅಲ್ಲಿಗೆ ಬಹುದೂರ. ಕೆರೆಯನ್ನು ಕಟ್ಟಿ ಅದನ್ನೇ ಸಮುದ್ರವೆಂದು ಕರೆಯುವುದು ನಮ್ಮ ಹಿರಿಯರ ವಾಡಿಕೆ. ಹೊಯ್ಸಳರ ದೋರಸಮುದ್ರವೂ ಅಂಥದೇ ಹೆಸರು. ಬೇಸಗೆಯಲ್ಲಿ ನೀರು ಇಳಿದಾಗ ಊರಿಗೆ ಊರೇ ಮೀನು ಹಿಡಿಯಲು ಕೆರೆಗೆ ಇಳಿಯುತ್ತಿತ್ತು. ಮೀನನ್ನು ಹಸನು ಮಾಡಿದ ಮೇಲೆ ಉಳಿದ ಹುರುಪೆ, ಕರುಳುಗಳನ್ನು ನೆರೆಮನೆಯ ಅಜ್ಜಿಯೊಬ್ಬರು ಕೇಳಿ ಪಡೆದು ನುಗ್ಗೆಮರದ ಬುಡದಲ್ಲಿ ಹೂಳುತ್ತಿದ್ದರು. “ಎಸೀಬ್ಯಾಡ ಮಗಾ, ಇದು ಮರದ ಊಟ” ಎನ್ನುತ್ತಿದ್ದರು. ಆ ಒಂದು ಮಾತಿನ ಹಿಂದೆ ದೊಡ್ಡದೊಂದು ಚರಿತ್ರೆಯಿದೆ ಎಂದು ನನಗೆ ತಿಳಿದದ್ದು ಬಹಳ ಕಾಲದ ಮೇಲೆ.

ಮೀನಿನಲ್ಲಿ ನಾವು ತಿನ್ನದೆ ಬಿಡುವ ಭಾಗಕ್ಕೆ ಬೆಲೆ ಬಂದದ್ದು ಇಂದು ನಿನ್ನೆಯಲ್ಲ. ಕೆಲವು ಜಾತಿಯ ಮೀನುಗಳ ಹೊಟ್ಟೆಯೊಳಗಿನ ಗಾಳಿಚೀಲವನ್ನು ಒಣಗಿಸಿದರೆ ಶುದ್ಧವಾದ ಅಂಟು ದೊರೆಯುತ್ತದೆ. ಯುರೋಪಿನವರು ಮದ್ಯವನ್ನು ತಿಳಿಗೊಳಿಸಲು ಅದನ್ನು ಬಳಸುತ್ತಿದ್ದರು. ಭಾರತದ ಕರಾವಳಿಯಲ್ಲಿ ಈ ಅಂಟಿನ ಉತ್ಪಾದನೆಯನ್ನು ಕುರಿತು ಜಾನ್ ಫೋರ್ಬ್ಸ್ ರಾಯ್ಲ್ 1842ರಷ್ಟು ಹಿಂದೆಯೇ ಒಂದು ಪುಸ್ತಕವನ್ನು ಬರೆದನು.

ಆದರೆ ನಮ್ಮ ಕನ್ನಡ ಕರಾವಳಿಯ ಮಟ್ಟಿಗೆ ಈ ಚರಿತ್ರೆಯ ನಾಯಕನೆಂದರೆ ಬೂತಾಯಿ. ಮಳೆಗಾಲ ಕಳೆದು ಬೂತಾಯಿಯ ಹಿಂಡು ದಡಕ್ಕೆ ಬಂದಾಗ ರಂಪಣಿ ಬಲೆಯನ್ನು ಹತ್ತಾರು ಜನ ಸೇರಿ ಎಳೆಯುತ್ತಿದ್ದರು. ಒಂದೇ ದಿನದಲ್ಲಿ ಊರು ತಿಂದು, ಮಾರಿ, ಉಪ್ಪು ಹಾಕಿದರೂ ಮುಗಿಯದಷ್ಟು ಮೀನು ರಾಶಿ ಬೀಳುತ್ತಿತ್ತು. ಮಿಕ್ಕದ್ದನ್ನು ಮರಳಿನ ಮೇಲೆ ಹರವಿ ಗೊಬ್ಬರ ಮಾಡುತ್ತಿದ್ದರು. ಕೊಳೆಸಿ ಎಣ್ಣೆಯನ್ನೂ ತೆಗೆಯುತ್ತಿದ್ದರು. ಆ ಎಣ್ಣೆಯ ಬಣ್ಣ ಕಪ್ಪು, ವಾಸನೆ ಅಸಹ್ಯ, ಬೆಲೆ ಅಲ್ಪ.

ಆಗ ದಕ್ಷಿಣ ಕನ್ನಡವು ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. 1905ರಲ್ಲಿ ಅಲ್ಲಿನ ಮೀನುಗಾರಿಕೆಯ ಸುಧಾರಣೆಗೆ ನೇಮಕಗೊಂಡವರು ಸರ್ ಫ್ರೆಡರಿಕ್ ನಿಕಲ್ಸನ್. ಮಲಬಾರಿನ ತಾನೂರಿನಲ್ಲಿ ನಡೆದ ಪ್ರಯೋಗಗಳಿಂದ ಅವರು ತೋರಿಸಿಕೊಟ್ಟದ್ದು ಬಹು ಸರಳವಾದ ಸಂಗತಿ: ಮೀನು ಕೊಳೆಯುವವರೆಗೆ ಕಾಯಬೇಡಿ, ತಾಜಾ ಇರುವಾಗಲೇ ಬೇಯಿಸಿ. ಬೆಂದ ಮೀನನ್ನು ತೆಂಗಿನ ನಾರಿನ ಚೀಲಗಳಲ್ಲಿ ತುಂಬಿ ತಿರುಪಿನ ಒತ್ತುಯಂತ್ರಕ್ಕೆ ಕೊಟ್ಟರೆ ನೀರೂ ಎಣ್ಣೆಯೂ ಸೋರಿ ಬರುತ್ತವೆ. ಎಣ್ಣೆ ತೇಲಿ ನಿಲ್ಲುತ್ತದೆ. ಒಳಗೆ ಉಳಿದ ಹಿಂಡಿಯನ್ನು ಬಿಸಿಲಿನಲ್ಲಿ ಒಣಗಿಸಿದರೆ ಅದೇ ಗ್ವಾನೊ ಎಂಬ ಗೊಬ್ಬರ. ಯಂತ್ರವೂ ಅಗ್ಗ, ವಿದ್ಯೆಯೂ ಸುಲಭ. ಕೆಲವೇ ವರ್ಷಗಳಲ್ಲಿ ಮಲಬಾರು ಮತ್ತು ದಕ್ಷಿಣ ಕನ್ನಡದ ತೀರದುದ್ದಕ್ಕೂ ನೂರಾರು ಸಣ್ಣ ಕಾರ್ಖಾನೆಗಳು ಎದ್ದವು. ಎಣ್ಣೆ ಚರ್ಮ ಹದಮಾಡುವವರಿಗೆ, ದೋಣಿಗಳ ಮೈಗೆ. ಗೊಬ್ಬರ ಘಟ್ಟದ ಮೇಲಿನ ಕಾಫಿ ತೋಟಗಳಿಗೆ. ನಮ್ಮ ಅಜ್ಜಿಯ ನುಗ್ಗೆಮರದ ನ್ಯಾಯವೇ ಇಲ್ಲಿ ಉದ್ಯಮವಾಯಿತು.

ಮುಂದಿನ ಅಧ್ಯಾಯ ಅಷ್ಟು ಸುಖಕರವಲ್ಲ. 1940ರ ದಶಕದಲ್ಲಿ ಬೂತಾಯಿ ಪಶ್ಚಿಮ ತೀರದಿಂದ ಹೆಚ್ಚುಕಡಿಮೆ ಮರೆಯಾಯಿತು; ಒಲೆಗಳು ಆರಿದವು. ಕಡಲಿನ ಪ್ರಕೃತಿ ಬದಲಾದದ್ದು ಕಾರಣವೋ, ಮನುಷ್ಯನ ಬಲೆಯೋ ಎಂದು ವಿಜ್ಞಾನಿಗಳು ಬಹುಕಾಲ ಚರ್ಚಿಸಿದರು. ಮೀನು ಮತ್ತೆ ಬಂದಿತು, ಮತ್ತೆ ಹೋಯಿತು. ಆದರೆ ಒಂದು ಪ್ರಶ್ನೆ ಉಳಿಯಿತು. ಹೆಚ್ಚಾಗಿ ಮಿಕ್ಕದ್ದಕ್ಕಾಗಿ ಹೊತ್ತಿಸಿದ ಒಲೆ, ಮಿಕ್ಕದ್ದು ಇಲ್ಲದ ದಿನವೂ ಉರಿಯಬೇಕೆಂದು ಹಟ ಹಿಡಿದರೆ ಏನು ಗತಿ?

ಇದಕ್ಕೆ ಎದುರಾಗಿ ಸೀಗಡಿಯ ಕಥೆಯನ್ನು ನೋಡಿ. 1950ರ ದಶಕದಲ್ಲಿ ಕೊಚ್ಚಿಯಿಂದ ಹಿಮಗಟ್ಟಿಸಿದ ಸೀಗಡಿಯ ರಫ್ತು ಆರಂಭವಾಯಿತು. ಮುಂದೆ ಮಂಗಳೂರು ತೀರವೂ ಅದೇ ಹಾದಿ ಹಿಡಿಯಿತು. ಸೀಗಡಿಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ತಲೆ ಮತ್ತು ಚಿಪ್ಪು. ಹೆಂಗಸರು ಬೆರಳು ನೋಯುವಂತೆ ಸುಲಿದು ಗುಡ್ಡೆ ಹಾಕಿದ ಆ ಚಿಪ್ಪಿನಲ್ಲಿ ಕೈಟಿನ್ ಎಂಬ ವಸ್ತುವಿದೆ. ಇದನ್ನು ಮೊದಲು ಫ್ರಾನ್ಸಿನ ಬ್ರಾಕೊನೊ 1811ರಲ್ಲಿ ಕಂಡುಹಿಡಿದದ್ದು ಅಣಬೆಯಲ್ಲಿ. ಚಿಪ್ಪಿನ ಸುಣ್ಣವನ್ನು ಆಮ್ಲದಿಂದಲೂ ಮಾಂಸಾಂಶವನ್ನು ಕ್ಷಾರದಿಂದಲೂ ಕಳೆದರೆ ಕೈಟಿನ್ ಉಳಿಯುತ್ತದೆ. ಅದನ್ನು ತೀಕ್ಷ್ಣವಾದ ಕ್ಷಾರದಲ್ಲಿ ಕಾಯಿಸಿದರೆ ಕೈಟೋಸಾನ್ ಆಗುತ್ತದೆ. ಅದು ನೆತ್ತರು ಸೋರುವುದನ್ನು ತಡೆಯುತ್ತದೆ, ಗಾಯದ ಪಟ್ಟಿಯಾಗುತ್ತದೆ, ಕದಡಿದ ನೀರನ್ನು ತಿಳಿಮಾಡುತ್ತದೆ. 1957ರಲ್ಲಿ ಸ್ಥಾಪನೆಗೊಂಡ ಕೊಚ್ಚಿಯ ಕೇಂದ್ರ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಈ ವಿದ್ಯೆಯನ್ನು ನಮ್ಮ ದೇಶದ ಚಿಪ್ಪಿಗೆ ಹೊಂದಿಸಿಕೊಟ್ಟಿತು.

ಈ ಎರಡು ಕಥೆಗಳ ಅಂತರ ಸೂಕ್ಷ್ಮವಾದದ್ದು. ಸೀಗಡಿಯ ಚಿಪ್ಪು ಉಂಡ ಮೇಲೆ ಉಳಿದದ್ದು; ಬೂತಾಯಿಯಾದರೋ ಬಡವನ ಊಟವೇ. ಇಂದು ಕರಾವಳಿಯ ಮೀನುಹಿಟ್ಟಿನ ಕಾರ್ಖಾನೆಗಳಿಗೆ ಮೀನಿನ ತಲೆ, ಕರುಳು ಮಾತ್ರವಲ್ಲ, ಇಡೀ ಬೂತಾಯಿಯೂ ಇನ್ನೂ ಬೆಳೆಯದ ಮರಿಗಳೂ ಹೋಗುತ್ತವೆ. ಕಸದಿಂದ ರಸ ತೆಗೆಯುವುದು ಜಾಣತನ. ಆದರೆ ಕಸಕ್ಕೆ ಬೆಲೆ ಬಂದಾಗ, ಕಸವಲ್ಲದ್ದನ್ನೂ ಕಸವೆಂದು ಕರೆಯುವ ಆಸೆ ಹುಟ್ಟುತ್ತದೆ. ಈ ಉದ್ಯಮವನ್ನು ಹೊಗಳುವಾಗ ನಾವು ಕೇಳಬೇಕಾದದ್ದು ಇಷ್ಟೆ: ಒಲೆಗೆ ಹೋಗುವುದು ಉಳಿದದ್ದೋ, ಊಟವೋ?

ನಮ್ಮೂರಿನ ನೆರೆಯಲ್ಲೇ ಕೋಲಾರದ ಚಿನ್ನದ ಗಣಿಗಳಿವೆ. 2001ರ ಫೆಬ್ರವರಿ 28ರಂದು ಅವು ಮುಚ್ಚಿದವು. ಸೈನೈಡ್ ದಿಬ್ಬಗಳು ಮಾತ್ರ ನಿಂತಿವೆ. ಅವುಗಳಲ್ಲಿ ಇನ್ನೂ ಚಿನ್ನದ ಕಣಗಳಿವೆಯೆಂದು ಲೆಕ್ಕ ಹಾಕುವವರಿದ್ದಾರೆ. ಗಾಳಿ ಬೀಸಿದಾಗ ದೂಳು ನುಂಗುವವರು ಬೇರೆ. ಮೀನಿನ ಕಾರ್ಖಾನೆಯ ವಾಸನೆಯೂ ಹಾಗೆಯೇ ನೆರೆಯವರ ಪಾಲಿಗೆ ಬೀಳುತ್ತದೆ. ಉಳಿದದ್ದರ ಬೆಲೆಯನ್ನು ಎಣಿಸುವಾಗ ಅದರ ಪಕ್ಕದಲ್ಲಿ ಬದುಕುವವರನ್ನೂ ಎಣಿಸುವುದು ನ್ಯಾಯ.

ಆ ಅಜ್ಜಿ ಕರುಳು, ಹುರುಪೆಯನ್ನಷ್ಟೇ ಕೇಳುತ್ತಿದ್ದರು. ಮೀನನ್ನು ಎಂದೂ ಮರದ ಬುಡಕ್ಕೆ ಹಾಕಲಿಲ್ಲ.